ಏಳು ವರ್ಷಕ್ಕೆ ಕಡಿಮೆಯಿಲ್ಲದಂತೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕುರಿಗಾಹಿಯ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೊಡಲಿ. ಇವೆರಡನ್ನು ಬಿಟ್ಟು ಅವನು ಹಟ್ಟಿಯಿಂದ ಹೊರಡುವುದು ಅಪರೂಪ. ಕಂಬಳಿ ಬಿಸಿಲಿಗೆ ನೆರಳು, ಮಳೆಗೆ ಸೂರು, ಇರುಳಿಗೆ ಹಾಸಿಗೆ. ಕೊಡಲಿಯಾದರೋ ಜಾಲಿಯ ಕೊಂಬೆ ಸವರಿ ಮರಿಗಳಿಗೆ ಸೊಪ್ಪು ಕೆಡಹುವುದಕ್ಕೆ, ದೊಡ್ಡಿಯ ಬೇಲಿಗೆ ಮುಳ್ಳು ಕಡಿಯುವುದಕ್ಕೆ, ತೋಳದ ಸುಳಿವು ಸಿಕ್ಕಾಗ ಎದೆಗೆ ಧೈರ್ಯವಾಗಿರುವುದಕ್ಕೆ. ನಾಯಕನಹಟ್ಟಿಯ ಸಮೀಪದ ವರವು ಕಾವಲಿನ ಬಯಲಿನಲ್ಲಿ ಕೊಡಲಿ ಹಿಡಿದ ಮನುಷ್ಯನನ್ನು ಕಂಡು ಬೆಚ್ಚುವವರು ಯಾರೂ ಇಲ್ಲ. ಕೊಡಲಿಯಿಲ್ಲದೆ ಬಂದವನನ್ನೇ ಹೊರಗಿನವನೆಂದು ಜನ ತಿರುಗಿ ನೋಡಿಯಾರು.

ಇದೇ ಕೊಡಲಿಗೆ ಕಾಯಿದೆಯ ಪುಸ್ತಕದಲ್ಲಿ ಬೇರೆಯ ಹೆಸರುಂಟು: ಮಾರಕಾಯುಧ. 1860ರ ಭಾರತೀಯ ದಂಡಸಂಹಿತೆಯು ಸುಲಿಗೆಗೆ ಹತ್ತು ವರ್ಷಗಳವರೆಗೆ, ಹೆದ್ದಾರಿಯಲ್ಲಿ ಸೂರ್ಯಾಸ್ತವಾದ ಮೇಲೆ ನಡೆದ ಸುಲಿಗೆಗೆ ಹದಿನಾಲ್ಕು ವರ್ಷಗಳವರೆಗೆ ಕಠಿಣ ಸೆರೆವಾಸವನ್ನು ವಿಧಿಸಿತ್ತು. ಅದು ಮೇಲಿನ ಮಿತಿ ಮಾತ್ರ. ಕೆಳಗೆ ಎಷ್ಟಕ್ಕೆ ಬೇಕಾದರೂ ಇಳಿಯುವ ಸ್ವಾತಂತ್ರ್ಯ ನ್ಯಾಯಾಧೀಶರಿಗಿತ್ತು. ಆದರೆ ಸುಲಿಗೆಯ ಸಮಯದಲ್ಲಿ ಮಾರಕಾಯುಧವನ್ನು ಬಳಸಿದವನಿಗೆ, ಅಥವಾ ತೀವ್ರವಾದ ಗಾಯ ಮಾಡಿದವನಿಗೆ, 397ನೆಯ ಕಲಮು ಅನ್ವಯಿಸುತ್ತಿತ್ತು. ಅಲ್ಲಿ ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಾಗುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಮಿನ ಸಂಖ್ಯೆ 311 ಎಂದು ಬದಲಾಯಿತು. ಏಳು ವರ್ಷ ಮಾತ್ರ ಅಲ್ಲಾಡಲಿಲ್ಲ. ಆಯುಧವನ್ನು ಬೀಸಲೇಬೇಕೆಂದೂ ಇಲ್ಲ. ಎದುರಿನವನ ಕಣ್ಣಿಗೆ ಬೀಳುವಂತೆ ಕೈಯಲ್ಲಿ ಚೂರಿ ಹಿಡಿದಿದ್ದರೆ ಅದನ್ನು ಬಳಸಿದಂತೆಯೇ ಸರಿ ಎಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಫೂಲ್ ಕುಮಾರ್ ಎಂಬವನ ಮೊಕದ್ದಮೆಯಲ್ಲಿ ತೀರ್ಮಾನಿಸಿತು.

ಇಂಥ ಕಲಮುಗಳನ್ನು ಕುರಿತು ಪಟ್ಟಣದ ಗೃಹಸ್ಥರಲ್ಲಿ ಸಾಮಾನ್ಯವಾಗಿ ಒಂದೇ ಅಭಿಪ್ರಾಯ. ಬೆಳಗಿನ ಕಾಫಿಯ ಜೊತೆಗೆ ವರ್ತಮಾನ ಪತ್ರಿಕೆ ಬಿಡಿಸಿದರೆ ಕೊಲೆ, ಸುಲಿಗೆ, ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ. ಕೆಟ್ಟ ಕೆಲಸ ಮಾಡಿದವನು ಇಷ್ಟು ವರ್ಷ ಒಳಗಿರಲೇಬೇಕೆಂದು ಕಾಯಿದೆಯಲ್ಲೇ ಬರೆದುಬಿಟ್ಟರೆ, ನ್ಯಾಯಾಧೀಶರ ಮನಸ್ಸು ಮೃದುವಾಗಲಿ ಕಠಿಣವಾಗಲಿ, ಶಿಕ್ಷೆಯಂತೂ ತಪ್ಪುವುದಿಲ್ಲವೆಂಬ ಸಮಾಧಾನ. ಈ ಸಮಾಧಾನವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದರ ಬೆಲೆಯೇನು, ಆ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಕಾಫಿ ಆರುವ ಮುಂಚೆ ಯೋಚಿಸುವವರು ಕಡಿಮೆ.

ಅಳೆದಿಟ್ಟ ಶಿಕ್ಷೆಯೆಂಬುದು ಕಾವಲುಗಳ ನಾಡಿಗೆ ಹೊಸದಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನಿಸಿಕೊಂಡಿತು. ಅದರ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ವರವು ಕಾವಲೂ ಅವುಗಳಲ್ಲೊಂದು. ಈಗ ಅದರ ದೊಡ್ಡ ಭಾಗದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ, 2017ರಲ್ಲಿ ಉದ್ಘಾಟನೆಯಾಯಿತು, ಮಾನವರಹಿತ ವಿಮಾನಗಳು ಅಲ್ಲಿ ಹಾರಾಡುತ್ತವೆ. ಅದು ಬೇರೆಯ ಕಥೆ. ಇಲ್ಲಿ ನೆನೆಯಬೇಕಾದದ್ದು ಹಳ್ಳಿಯ ಬಂದೀದೊಡ್ಡಿಯನ್ನು. ಪರರ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದರೆ ಬಿಡಿಸಿಕೊಳ್ಳಲು ತಲೆಗೆ ಇಷ್ಟೆಂದು ದಂಡ. 1871ರ ಜಾನುವಾರು ಅತಿಕ್ರಮ ಕಾಯಿದೆಯಲ್ಲಿ ಇದಕ್ಕೆ ಪಟ್ಟಿಯೇ ಇತ್ತು: ಎತ್ತಿಗಿಂತ ಎಮ್ಮೆಗೆ ಹೆಚ್ಚು, ಎತ್ತಿಗಿಂತ ಕುರಿಗೆ ಕಡಿಮೆ. ದನ ಹಸಿದು ನುಗ್ಗಿತೋ, ಕಾಯುವ ಹುಡುಗ ನಿದ್ದೆಹೋಗಿದ್ದನೋ, ದ್ವೇಷದಿಂದ ಯಾರಾದರೂ ಬೇಕೆಂದೇ ಅಟ್ಟಿದರೋ, ಪಟ್ಟಿ ಕೇಳುತ್ತಿರಲಿಲ್ಲ. ದನದ ವಿಚಾರದಲ್ಲಿ ಇದು ಒಳ್ಳೆಯ ಏರ್ಪಾಡೇ ಸರಿ. ಜಗಳ ಬೇಗ ಮುಗಿಯುತ್ತದೆ.

ಅದೇ 1871ರಲ್ಲಿ ಅದೇ ಸರ್ಕಾರವು ಮನುಷ್ಯರಿಗೂ ಒಂದು ಪಟ್ಟಿ ಮಾಡಿತು. ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂದು ಅದರ ಹೆಸರು. ಮೊದಲು ಉತ್ತರದ ಪ್ರಾಂತಗಳಲ್ಲಿದ್ದ ಈ ಕಾಯಿದೆ 1911ರ ಅನಂತರ ದಕ್ಷಿಣಕ್ಕೂ ಬಂತು. 1924ರಲ್ಲಿ ಅದನ್ನು ಮತ್ತೊಮ್ಮೆ ರಚಿಸಿದಾಗ, ಪಟ್ಟಿಯಲ್ಲಿ ಹೆಸರಿದ್ದ ಪಂಗಡಕ್ಕೆ ಸೇರಿದವನು ನಮೂದಾದ ಅಪರಾಧಗಳಲ್ಲಿ ಎರಡನೆಯ ಬಾರಿ ಸಿಕ್ಕಿಬಿದ್ದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಮೂರನೆಯ ಬಾರಿಗೆ ಆಜೀವ ಗಡೀಪಾರು. ನ್ಯಾಯಾಧೀಶರು ವಿಶೇಷ ಕಾರಣವನ್ನು ಬರೆದಿಟ್ಟರೆ ಮಾತ್ರ ಇದರಿಂದ ವಿನಾಯಿತಿ. ಬೇರೆ ಜಾತಿಯವನು ಅದೇ ಕಳವು ಮಾಡಿದರೆ ಈ ಲೆಕ್ಕವಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಇಂಥ ಪಂಗಡಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. 1952ರಲ್ಲಿ ಕಾಯಿದೆ ರದ್ದಾಯಿತು. ಕನಿಷ್ಠ ಶಿಕ್ಷೆಯ ಗುಣಗಾನ ಮಾಡುವವರು ಅದರ ವಂಶಾವಳಿಯಲ್ಲಿ ಈ ಪೂರ್ವಿಕನೂ ಇದ್ದಾನೆಂಬುದನ್ನು ಮರೆಯಬಾರದು.

ಹಾಗಾದರೆ ಶಿಕ್ಷೆಯ ಅಳತೆಯನ್ನೆಲ್ಲ ನ್ಯಾಯಾಧೀಶರ ವಿವೇಕಕ್ಕೇ ಬಿಟ್ಟುಬಿಡಬಹುದಲ್ಲವೆ? ಬಿಟ್ಟಾಗ ಏನಾಗುತ್ತದೆಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. ಅದನ್ನು ಓದಿದ ಯಾವ ತಾಯಿಯೂ ಕನಿಷ್ಠ ಶಿಕ್ಷೆ ಬೇಡವೆಂದು ಸುಲಭವಾಗಿ ಹೇಳಲಾರಳು. ಏಳೆಂಟು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಮಾಡಿದ ನಲವತ್ತೊಂಬತ್ತರ ಪ್ರಾಯದವನಿಗೆ ಕೆಳಗಿನ ನ್ಯಾಯಾಲಯವು ಹತ್ತು ವರ್ಷದ ಸೆರೆವಾಸವನ್ನು ವಿಧಿಸಿತು. 1983ರ ತಿದ್ದುಪಡಿಯ ಪ್ರಕಾರ ಅಷ್ಟು ಎಳೆಯ ಮಗುವಿನ ವಿಷಯದಲ್ಲಿ ಅದೇ ಕನಿಷ್ಠ. ಆದರೆ ಅದೇ ತಿದ್ದುಪಡಿ ಒಂದು ಕಿಂಡಿಯನ್ನೂ ತೆರೆದಿಟ್ಟಿತ್ತು: ತಕ್ಕ ವಿಶೇಷ ಕಾರಣಗಳನ್ನು ಬರೆದು ಶಿಕ್ಷೆಯನ್ನು ಇಳಿಸಬಹುದು. ಉಚ್ಚ ನ್ಯಾಯಾಲಯವು ಆ ಕಿಂಡಿಯ ಮೂಲಕ ಹತ್ತನ್ನು ನಾಲ್ಕಕ್ಕೆ ಇಳಿಸಿತು. ಕಾರಣಗಳು: ಆತನು ಓದುಬರಹವಿಲ್ಲದವನು, ದುರ್ಬಲ ವರ್ಗದವನು, ಕುಡಿತಕ್ಕೆ ದಾಸನಾದವನು, ಕುಡಿದ ಅಮಲಿನಲ್ಲಿ ಕೃತ್ಯವೆಸಗಿದವನು, ಮುದಿತಾಯಿ ಹೆಂಡತಿ ಮಕ್ಕಳು ಅವನನ್ನೇ ನಂಬಿರುವವರು. ಅಮಲೂ ಅಪರಾಧಿಯ ಪರವಾಗಿ ಸಾಕ್ಷಿ ನುಡಿಯಿತು! ಮಗುವನ್ನು ಕುರಿತು ಈ ಪಟ್ಟಿಯಲ್ಲಿ ಒಂದು ಮಾತಿಲ್ಲ.

ಸರ್ಕಾರ ಮೇಲಕ್ಕೆ ಹೋಯಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾರಣಗಳು ತಕ್ಕವೂ ಅಲ್ಲ, ವಿಶೇಷವೂ ಅಲ್ಲವೆಂದು ಹೇಳಿ ಹತ್ತು ವರ್ಷಗಳನ್ನು ಮತ್ತೆ ಸ್ಥಾಪಿಸಿತು. ದೇಶದ ಬೇರೆಬೇರೆ ನ್ಯಾಯಾಲಯಗಳಲ್ಲಿ ಇಂಥ ಇಳಿಕೆಗಳು ನಡೆಯುತ್ತಲೇ ಇದ್ದುವು. ಕೊನೆಗೆ 2013ರಲ್ಲಿ ಸಂಸತ್ತು ಆ ಕಿಂಡಿಯನ್ನೇ ಮುಚ್ಚಿಬಿಟ್ಟಿತು. 2018ರಲ್ಲಿ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ, ಹದಿನಾರು ವರ್ಷದೊಳಗಿನ ಬಾಲಕಿಯ ವಿಷಯದಲ್ಲಿ ಕನಿಷ್ಠ ಇಪ್ಪತ್ತು ವರ್ಷ ಎಂದಾಯಿತು. ಮಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ದಯೆಯನ್ನು ದಯೆಯೆಂದು ಕರೆಯುವುದು ಕಷ್ಟ. ಸಂಸತ್ತಿನ ಸಿಟ್ಟು ಅರ್ಥವಾಗುವಂಥದೇ.

ಆದರೆ ಈ ಮೊಕದ್ದಮೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಉಚ್ಚ ನ್ಯಾಯಾಲಯದ ತಪ್ಪು ಕಣ್ಣಿಗೆ ಬಿದ್ದುದಾದರೂ ಹೇಗೆ? ಅದು ತನ್ನ ಕಾರಣಗಳನ್ನು ಬರೆದಿಟ್ಟಿತ್ತು. ಬರೆದದ್ದನ್ನು ಮೇಲಿನವರು ಓದಿದರು, ತೂಗಿ ನೋಡಿದರು, ಹೊಡೆದುಹಾಕಿದರು. ನ್ಯಾಯಾಧೀಶರ ವಿವೇಚನೆ ಬಹಿರಂಗವಾದದ್ದು. ಅದಕ್ಕೆ ಸಹಿ ಇರುತ್ತದೆ, ತಾರೀಖು ಇರುತ್ತದೆ, ಅಪೀಲು ಇರುತ್ತದೆ. ಅದನ್ನು ಕಾಯಿದೆಯಿಂದ ಕಿತ್ತುಹಾಕಿದರೆ ವಿವೇಚನೆಯೆಂಬುದೇ ಇಲ್ಲವಾಗುತ್ತದೆಯೆ? ಇಲ್ಲವಾಗುವುದಿಲ್ಲ. ಅದು ಊರ ಠಾಣೆಗೆ ಹೋಗಿ ಕುಳಿತುಕೊಳ್ಳುತ್ತದೆ.

ಆ ಕೊಡಲಿಯ ವಿಷಯವನ್ನೇ ತೆಗೆದುಕೊಳ್ಳಬಹುದು. ಸಂತೆಯಿಂದ ಕುರಿ ಮಾರಿದ ಹಣ ತರುತ್ತಿದ್ದವನನ್ನು ದಾರಿಯಲ್ಲಿ ತಡೆದು ಇಬ್ಬರು ಕಿತ್ತುಕೊಂಡರೆಂದು ಇಟ್ಟುಕೊಂಡರೆ, ಮಹಜರು ಬರೆಯುವವರ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿದೆ. ಕೊಡಲಿ ಕೈಯಲ್ಲಿತ್ತು ಎಂದು ಬರೆದರೆ ಏಳು ವರ್ಷಕ್ಕೆ ಕಡಿಮೆಯಿಲ್ಲ. ಆ ಸಾಲು ಬೀಳದಿದ್ದರೆ ಆರು ತಿಂಗಳೂ ಆಗಬಹುದು, ಆರು ವರ್ಷವೂ ಆಗಬಹುದು. ದೋಷಾರೋಪಣೆಯನ್ನು ರೂಪಿಸುವವರು ನ್ಯಾಯಾಧೀಶರೇ. ತಪ್ಪು ಕಲಮನ್ನು ತಿದ್ದುವ ಅಧಿಕಾರ ಅವರಿಗುಂಟು. ಆದರೆ ಮಹಜರಿನಲ್ಲಿಯೇ ಕೊಡಲಿಯಿಲ್ಲದಿದ್ದರೆ ಚಿತ್ರದುರ್ಗದ ಸೆಷನ್ಸ್ ನ್ಯಾಯಾಧೀಶರು ಅದನ್ನು ಎಲ್ಲಿಂದ ತಂದಾರು? ಆ ಸಾಲು ಏಕೆ ಬಿತ್ತು, ಏಕೆ ಬಿಟ್ಟುಹೋಯಿತು ಎಂಬುದಕ್ಕೆ ಯಾರೂ ಕಾರಣ ಬರೆಯಬೇಕಾಗಿಲ್ಲ. ಯಾರ ಪರವಾಗಿ ಯಾವ ಮುಖಂಡನು ಠಾಣೆಗೆ ಬಂದಿದ್ದನೆಂಬುದು ಯಾವ ತೀರ್ಪಿನಲ್ಲಿಯೂ ಅಚ್ಚಾಗುವುದಿಲ್ಲ.

ಕೊಲೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ತಾಲ್ಲೂಕು ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತರೆ ಅಕ್ಷರ ಬಾರದವರ ಬಾಯಲ್ಲಿಯೂ "ತ್ರೀ ನಾಟ್ ಟೂ" ಎಂಬ ಮಾತು ಕೇಳಿಬರುತ್ತದೆ. ಕೊಲೆಯ ಕಲಮು ಹೊಸ ಸಂಹಿತೆಯಲ್ಲಿ 103 ಆಗಿದ್ದರೂ ಹಳೆಯ 302 ಜನರ ನಾಲಿಗೆಯಿಂದ ಇಳಿದಿಲ್ಲ. ಕೊಲೆಗೆ ಮರಣದಂಡನೆ, ಇಲ್ಲವೆ ಜೀವಾವಧಿ, ಅದಕ್ಕಿಂತ ಕೆಳಗಿಲ್ಲ. ಹೊಲದ ಬದುವಿನ ಮೇಲೆ ಹೊತ್ತಿದ ಜಗಳದಲ್ಲಿ ಅಣ್ಣ ತಮ್ಮನಿಗೆ ಹೊಡೆದು ತಮ್ಮ ಸತ್ತರೆ, ಅದು ಕೊಲೆಯೋ, ಹಠಾತ್ತನೆ ನಡೆದ ಹೊಡೆದಾಟದಲ್ಲಿ ಸಂಭವಿಸಿದ, ಕೊಲೆಯಲ್ಲದ ನರಹತ್ಯೆಯೋ ಎಂಬುದೇ ಮೊಕದ್ದಮೆಯ ಜೀವಾಳ. ಎರಡನೆಯದಕ್ಕೆ ಹಳೆಯ ದಂಡಸಂಹಿತೆಯಲ್ಲಿ ಕನಿಷ್ಠವೇ ಇರಲಿಲ್ಲ. ಹೊಸತರಲ್ಲಿ, ಕೊಲ್ಲುವ ಉದ್ದೇಶವಿದ್ದಲ್ಲಿ, ಐದು ವರ್ಷವೆಂದಿದೆ. ಐದು ವರ್ಷಕ್ಕೂ ಜೀವಾವಧಿಗೂ ನಡುವಿನ ಕಮರಿಯಂಚಿನಲ್ಲಿ ನಿಂತ ನ್ಯಾಯಾಧೀಶರು, ಜೀವಾವಧಿ ಈ ಮನುಷ್ಯನಿಗೆ ಹೆಚ್ಚಾಯಿತೆಂದು ಕಂಡಾಗ, ಸಾಕ್ಷ್ಯವನ್ನೇ ಕೊಂಚ ಬೇರೆ ಬೆಳಕಿನಲ್ಲಿ ನೋಡಿದರೆ ಆಶ್ಚರ್ಯವಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದು ನಗೆಪಾಟಲಿನ ಮಟ್ಟಕ್ಕೇರಿತ್ತು. ಅಲ್ಲಿ ಮನೆಯೊಳಗಿನಿಂದ ನಲವತ್ತು ಷಿಲಿಂಗ್ ಬೆಲೆಯ ವಸ್ತು ಕದ್ದವನಿಗೆ ಗಲ್ಲು. ಪಂಚಾಯಿತರಾಗಿ ಕುಳಿತ ಊರವರು, ಎಷ್ಟೇ ಬೆಲೆಬಾಳುವ ವಸ್ತುವನ್ನು ತಂದು ಎದುರಿಗಿಟ್ಟರೂ ಇದರ ಬೆಲೆ ಮೂವತ್ತೊಂಬತ್ತು ಷಿಲಿಂಗ್ ಎಂದು ಪ್ರಮಾಣಪೂರ್ವಕವಾಗಿ ಹೇಳಿಬಿಡುತ್ತಿದ್ದರು!

ಕಾಯಿದೆಯು ನ್ಯಾಯಾಧೀಶರ ಕೈಯನ್ನು ಪೂರ್ತಿಯಾಗಿ ಕಟ್ಟಿದಾಗ ಭಾರತದ ಸರ್ವೋಚ್ಚ ನ್ಯಾಯಾಲಯವೂ ಒಮ್ಮೆ ಎದ್ದು ನಿಂತಿತು. ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವನು ಮತ್ತೊಂದು ಕೊಲೆ ಮಾಡಿದರೆ ಗಲ್ಲೊಂದೇ ಶಿಕ್ಷೆಯೆನ್ನುತ್ತಿದ್ದ 303ನೆಯ ಕಲಮನ್ನು 1983ರಲ್ಲಿ, ಮಿಠ್ಠು ಎಂಬವನ ಮೊಕದ್ದಮೆಯಲ್ಲಿ, ಅದು ಅಸಿಂಧುವೆಂದು ಸಾರಿತು. ಆದರೆ ಇದೇ ನ್ಯಾಯಾಲಯ ಇಪ್ಪತ್ತೈದು ವರ್ಷಗಳ ಅನಂತರ, ಬೆಂಗಳೂರಿನ ಒಂದು ಮೊಕದ್ದಮೆಯಲ್ಲಿ, ಹೊಸ ಕನಿಷ್ಠವೊಂದನ್ನು ತಾನೇ ಸೃಷ್ಟಿಸಿತು. ಸ್ವಾಮಿ ಶ್ರದ್ಧಾನಂದನೆಂದು ಹೆಸರಿಟ್ಟುಕೊಂಡಿದ್ದವನು 1991ರಲ್ಲಿ ಪ್ರತಿಷ್ಠಿತ ಮನೆತನದ ತನ್ನ ಪತ್ನಿಯನ್ನು ಕೊಂದು ಅವರದೇ ಮನೆಯ ಆವರಣದಲ್ಲಿ ಹೂತಿಟ್ಟಿದ್ದ ಪ್ರಕರಣವನ್ನು ಬೆಂಗಳೂರಿನ ಹಳಬರು ಮರೆತಿಲ್ಲ. 1994ರಲ್ಲಿ ಅದು ಬಯಲಾಯಿತು. ಸೆಷನ್ಸ್ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ 2005ರಲ್ಲಿ ಗಲ್ಲೆಂದುವು. ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂದು ವಿಷಯ ಮೂವರ ಮುಂದೆ ಹೋಯಿತು. ಗಲ್ಲು ಹೆಚ್ಚಾಯಿತು, ಆದರೆ ಜೀವಾವಧಿಯೆಂದರೆ ನಡಾವಳಿಯಲ್ಲಿ ಹದಿನಾಲ್ಕು ವರ್ಷವಾಗಿಬಿಡುತ್ತದೆ, ಅದು ತೀರ ಕಡಿಮೆಯಾಯಿತು ಎಂಬ ಇಕ್ಕಟ್ಟಿನಲ್ಲಿ ಅವರು 2008ರ ಜುಲೈಯಲ್ಲಿ ಮಧ್ಯದ ದಾರಿ ತೆಗೆದರು: ಉಸಿರಿರುವ ತನಕ ಬಿಡುಗಡೆಯಿಲ್ಲ. 2015ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಮೂವರ ಬಹುಮತದಿಂದ, ಈ ಅಧಿಕಾರ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಿಗೆ ಮಾತ್ರ ಉಂಟೆಂದು ಒಪ್ಪಿತು.

ಜೀವಾವಧಿಯೆಂದರೆ ಹದಿನಾಲ್ಕು ವರ್ಷವೆಂದು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ನಂಬಿಕೆ. ರಾಮನ ವನವಾಸದ ಲೆಕ್ಕ ಜನರ ಮನಸ್ಸಿನಲ್ಲಿ ಕುಳಿತಿರುವುದೂ ಇದಕ್ಕೆ ಸಹಾಯಕವಾಗಿರಬಹುದು. ಕಾಯಿದೆ ಹಾಗೆ ಹೇಳುವುದಿಲ್ಲ. ಜೀವಾವಧಿಯೆಂದರೆ ಜೀವವಿರುವಷ್ಟು ಅವಧಿ. 1978ರಲ್ಲಿ ಸೇರಿಸಿದ ಕಲಮಿನ ಪ್ರಕಾರ, ಗಲ್ಲಿಗೂ ಅರ್ಹವಾಗಿದ್ದ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದವನನ್ನು ಹದಿನಾಲ್ಕು ವರ್ಷ ತುಂಬುವ ಮುನ್ನ ಸರ್ಕಾರ ಬಿಡುವಂತಿಲ್ಲ, ಅಷ್ಟೆ. ತುಂಬಿದ ಮೇಲೆ ಬಿಡಲೇಬೇಕೆಂದು ಎಲ್ಲಿಯೂ ಇಲ್ಲ. ಹದಿನಾಲ್ಕು ವರ್ಷ ದಾಟಿದೊಡನೆ ಮಗ ಬಂದೇಬಿಡುವನೆಂದು ಬಾಗಿಲು ನೋಡುತ್ತ ಕುಳಿತ ತಾಯಂದಿರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವವರಿಲ್ಲ.

ಇಷ್ಟಾದರೂ ಕನಿಷ್ಠ ಶಿಕ್ಷೆಯ ನಿಜವಾದ ಪರೀಕ್ಷೆಯಾಗುವುದು ನ್ಯಾಯಾಧೀಶರ ಮನಸ್ಸಿನಲ್ಲಲ್ಲ, ಸಾಕ್ಷಿಯ ಕಟ್ಟೆಯಲ್ಲಿ. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ, ಪರಿಶಿಷ್ಟ ಜಾತಿ ಪಂಗಡಗಳವರು ವಾಸಿಸುವ ಮನೆಗೆ ಬೆಂಕಿಯಿಟ್ಟ ಪರಜಾತಿಯವನಿಗೆ ಜೀವಾವಧಿಯೊಂದೇ ಶಿಕ್ಷೆ, ಆಯ್ಕೆಯಿಲ್ಲ. ಈ ಕಾಯಿದೆ ಜಾರಿಯಲ್ಲಿರುವಾಗಲೇ, 2000ದ ಮಾರ್ಚಿಯಲ್ಲಿ, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆಪಾದಿತರೆಲ್ಲರೂ ಬಿಡುಗಡೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾಗದದ ಮೇಲಿನ ಕನಿಷ್ಠ ಜೀವಾವಧಿ; ಕೈಗೆ ಬಂದದ್ದು ಒಂದು ದಿನವೂ ಅಲ್ಲ.

ಅದೇ 2014ರ ಆಗಸ್ಟ್ 28ರಂದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಗೆ ಬೆಂಕಿ ಬಿತ್ತು. ಇಲ್ಲಿ ಸಾಕ್ಷ್ಯ ನಿಂತಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇನ್ನು ಮೂವರಿಗೆ ಐದೈದು ವರ್ಷ. ಈ ಮೂವರು ತಾವೇ ಪರಿಶಿಷ್ಟ ಜಾತಿ ಪಂಗಡಗಳಿಗೆ ಸೇರಿದವರಾದ್ದರಿಂದ 1989ರ ಕಾಯಿದೆ ಅವರನ್ನು ಮುಟ್ಟುವಂತಿರಲಿಲ್ಲ. ಊರು ಒಂದೇ, ದಿನ ಒಂದೇ, ಗುಂಪೂ ಒಂದೇ. ತೊಂಬತ್ತೆಂಟು ಮಂದಿಯಲ್ಲಿ ಕೊಳ್ಳಿ ಹಿಡಿದು ಮುಂದೆ ನಿಂತವನೂ, ಗುಂಪಿನ ಬಾಲದಲ್ಲಿ ನಿಂತು ಕಲ್ಲೆಸೆದವನೂ ಒಂದೇ ತಕ್ಕಡಿಯಲ್ಲಿ ತೂಗಿಹೋದರು. ತಕ್ಕಡಿಯನ್ನು ಬೇರೆಮಾಡುವ ಸ್ವಾತಂತ್ರ್ಯ ಕಾಯಿದೆಯಲ್ಲಿಯೇ ಇರಲಿಲ್ಲ. ದಲಿತರ ಕೇರಿಯು ಊರಿನ ಬಲದ ಮುಂದೆ ಹೇಗೆ ಬದುಕಬೇಕಾಗಿದೆಯೆಂಬುದನ್ನು ಬಲ್ಲವರು ಆ ಕಾಯಿದೆಯ ಬಿಗಿಯನ್ನು ಆಕ್ಷೇಪಿಸಲಾರರು. ಮುಂದಿನ ತಿಂಗಳೇ ಧಾರವಾಡದ ಉಚ್ಚ ನ್ಯಾಯಾಲಯ ಪೀಠವು ಅವರಲ್ಲಿ ಬಹುಮಂದಿಗೆ ಅಪೀಲು ತೀರುವವರೆಗೆ ಜಾಮೀನು ಕೊಟ್ಟಿತು. ಕೇರಿಯವರು ಅವರನ್ನು ಮತ್ತೆ ಅದೇ ಬೀದಿಯಲ್ಲಿ ಎದುರುಗೊಳ್ಳಬೇಕಾಯಿತು.

ಕಂಬಾಲಪಲ್ಲಿಗೂ ಮರಕುಂಬಿಗೂ ಕಾಯಿದೆ ಒಂದೇ ಆಗಿತ್ತು, ಕನಿಷ್ಠವೂ ಒಂದೇ ಆಗಿತ್ತು. ಸಾಕ್ಷಿಗಳ ರಕ್ಷಣೆಗೆ ಯೋಜನೆಯೊಂದನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅಂಗೀಕರಿಸಿತು. ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ಮಾಡತಕ್ಕದ್ದೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೆಯ ಕಲಮು ಹೇಳುತ್ತದೆ. ಶಿಕ್ಷೆಯ ವರ್ಷಗಳನ್ನು ಏರಿಸುವ ಮಸೂದೆಗಳು ಬಂದಾಗ ಆಗುವ ಚರ್ಚೆಯ ಹತ್ತರಲ್ಲೊಂದು ಪಾಲೂ ಈ ಕಲಮಿಗೆ ದೊರೆತಂತಿಲ್ಲ. ಕಾವಲಿನ ಅಂಚಿನ ಹಟ್ಟಿಯಿಂದ ಸಾಕ್ಷಿ ಹೇಳಲು ಹೊರಟವಳು ಒಂದು ದಿನದ ಕೂಲಿ ಬಿಟ್ಟು, ಕೈಗೂಸನ್ನು ನೆರೆಮನೆಯಲ್ಲಿರಿಸಿ, ಚಳ್ಳಕೆರೆಗೆ ಬಂದು, ಅಲ್ಲಿಂದ ಚಿತ್ರದುರ್ಗದ ಬಸ್ಸು ಹತ್ತಬೇಕು. ಆಪಾದಿತನ ಅಣ್ಣಂದಿರಿಗೂ ದುರ್ಗಕ್ಕೆ ಹೋಗಲು ಇರುವುದು ಆ ಬಸ್ಸೇ. ಸಂಜೆ ಹಟ್ಟಿಗೆ ಹಿಂದಿರುಗುವುದೂ ಅದರಲ್ಲೇ.